ದೋಟಿ ಅಲ್ಲ ಸಾರ್, ಮಾಸ್ಟು

ಗುರುವಾರ, ಹಿನ್ನೀರು

ನಮ್ಮನೆ ಸಾಗರದಿಂದ ಸ್ವಲ್ಪ ಒಳಗೆ. ಅಡಿಕೆ ತೋಟ, ಎರಡು ಮಲೆನಾಡು ಗಿಡ್ಡ ಹಸು, ಒಂದು ಹಳೇ ಬೊಲೆರೋ, ಅಟ್ಟದ ಮೇಲೆ ಎರಡು ವಿಂಡ್‌ಸರ್ಫಿಂಗ್ ಬೋರ್ಡು. ಈ ಕೊನೇದು ಯಾಕೆ ಅಂತ ಬಂದ ನೆಂಟರೆಲ್ಲ ಕೇಳ್ತಾರೆ. ಕಾಲೇಜ್ ದಿನದಲ್ಲಿ ಹೊನ್ನೆಮರಡು ಕಡೆ ಹಿನ್ನೀರಲ್ಲಿ ಕಲಿತಿದ್ದು, ಬಿಡಕ್ಕಾಗ್ಲಿಲ್ಲ, ನನ್ನತ್ರ ಇರೋದು ಅದೊಂದೇ ಉತ್ತರ. ಗೊತ್ತಿಲ್ದೋರಿಗೆ ಹೇಳ್ಬೇಕು ಅಂದ್ರೆ, ಒಂದು ಹಲಗೆ, ಅದರ ಮೇಲೆ ಯಾವ ಕಡೆ ಬೇಕಾದ್ರೂ ಬಾಗೋ ರಬ್ಬರ್ ಕೀಲು, ಕೀಲಿನ ಮೇಲೆ ಮಾಸ್ಟು ಅನ್ನೋ ಕಂಬ, ಮಾಸ್ಟಿಗೆ ಸೈಲು ಅಂದ್ರೆ ಹಾಯಿ, ಸೈಲಿನ ಎರಡೂ ಕಡೆ ಸುತ್ತಿ ಬರೋ ಬೂಮ್ ಅನ್ನೋ ಹಿಡಿಕೆ. ಚುಕ್ಕಾಣಿ ಅಂತ ಬೇರೆ ಇಲ್ಲ, ಸೈಲನ್ನ ಮುಂದೆ ವಾಲಿಸಿದ್ರೆ ಒಂದು ಕಡೆ ತಿರುಗತ್ತೆ ಹಿಂದೆ ವಾಲಿಸಿದ್ರೆ ಇನ್ನೊಂದು ಕಡೆ, ಉಳಿದಿದ್ದೆಲ್ಲ ಕಾಲು ಸೊಂಟದ ಕೆಲಸ.

ಏಪ್ರಿಲ್‌ನಲ್ಲಿ ಬೆಂಗಳೂರಿನ ಒಬ್ಬ ದೋಸ್ತ ಮೆಸೇಜ್ ಹಾಕಿದ. ಮೇ ಕೊನೇಲಿ ಹೊನ್ನಾವರ ಕಡೆ ಒಂದು ಸಣ್ಣ ಸ್ಪರ್ಧೆ, ಹತ್ತು ಹದಿನಾಲ್ಕು ಜನ, ಬ್ಯಾನರ್ ಇಲ್ಲ ಸ್ಪಾನ್ಸರ್ ಇಲ್ಲ, ನಮ್ ನಮ್ಮಲ್ಲೇ, ಬಾ ಅಂತ. ರೇಸಾ ಅಂತ ಕೇಳ್ದೆ. ರೇಸ್ ಅಲ್ಲ, ವೇವ್ ಅಂದ. ಅಂದ್ರೆ ಯಾರು ಮೊದ್ಲು ಹೋಗಿ ಮುಟ್ಟಿದ್ರು ಅನ್ನೋದು ಲೆಕ್ಕಕ್ಕಿಲ್ಲ, ಅಲೆ ಹೆಂಗೆ ಹತ್ತಿ ಇಳಿದ್ರಿ ಅನ್ನೋದಕ್ಕೆ ಮಾರ್ಕು. ನಾನು ಬರ್ತೀನಿ ಅಂದ್ಬಿಟ್ಟೆ. ಆಮೇಲೆ ಯೋಚ್ನೆ ಮಾಡಿದ್ರೆ, ನನ್ನ ಜನ್ಮದಲ್ಲಿ ನಾನು ಬೋರ್ಡ್ ಮೇಲೆ ನಿಂತು ನೋಡಿದ ಅತೀ ದೊಡ್ಡ ಅಲೆ ಅಂದ್ರೆ ಹೊಳೆಬಾಗಿಲಿಂದ ಸಿಗಂದೂರು ಕಡೆಗೆ ಜನ ದಾಟಿಸ್ತಿದ್ದ ಲಾಂಚ್ ಹಾದುಹೋದ್ಮೇಲೆ ಏಳೋದು. ಈಗ 2025ರ ಜುಲೈಯಿಂದ ಸಿಗಂದೂರಿಗೆ ಸೇತುವೆ ಆಗಿ ಅದೂ ಕಡಿಮೆ.

ಹೊರಡೋ ಹಿಂದಿನ ದಿನ ಕೊನೇ ಸಲ ಪ್ರಾಕ್ಟೀಸ್ ಮಾಡಣ ಅಂತ ಮಂಜನ್ನ ಕರ್ಕೊಂಡು ಹಿನ್ನೀರಿಗೆ ಹೋದೆ. ಮಂಜ ನಮ್ಮ ತೋಟದಲ್ಲಿ ಮರ ಹತ್ತಿ ಅಡಿಕೆ ಕೊನೆ, ಅಂದ್ರೆ ಗೊಂಚಲು, ಕೊಯ್ಯೋನು, ಅವನಪ್ಪನೂ ಕೊನೆಗೌಡನೇ, ಸಮುದ್ರ ನೋಡ್ಬೇಕು ಅನ್ನೋ ಒಂದೇ ಕಾರಣಕ್ಕೆ ನನ್ ಜೊತೆ ಹೊರಟಿದ್ದ. ಮೇ ತಿಂಗಳ ಹಿನ್ನೀರು ಅಂದ್ರೆ ಗೊತ್ತಲ್ಲ. ಲಿಂಗನಮಕ್ಕಿ ಭರ್ತಿ ಆಗೋದು 1819 ಅಡಿಗೆ, ಈಗ ನೀರು ಅದಕ್ಕಿಂತ ಎಷ್ಟೋ ಕೆಳಗೆ, ಗಾಡಿ ನಿಲ್ಸಿದ ಜಾಗದಿಂದ ನೀರು ಮುಟ್ಟಕ್ಕೆ ಬೋರ್ಡ್ ತಲೆ ಮೇಲಿಟ್ಕೊಂಡು ಬಿರುಕು ಬಿಟ್ಟ ಕೆಂಪು ಮಣ್ಣಲ್ಲಿ ಹತ್ತು ನಿಮಿಷ ನಡೀಬೇಕು. 1964ರ ಸುಮಾರಿಗೆ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ಕರೀ ಹಲ್ಲಿನ ಥರ ನಿಂತಿದಾವೆ. ಕಾಣೋ ಬೊಡ್ಡೆ ಬಗ್ಗೆ ಭಯ ಇಲ್ಲ, ನೀರಿಂದ ಒಂದಡಿ ಕೆಳಗಿರೋದು ಡೇಂಜರ್, ಬೋರ್ಡಿನ ಅಡಿಲಿರೋ ಫಿನ್ ಅನ್ನೋ ರೆಕ್ಕೆ ತಾಗಿದ್ರೆ ಬೋರ್ಡ್ ಟಕ್ ಅಂತ ಅಲ್ಲೇ ನಿಲ್ಲತ್ತೆ, ನಾವು ಮಾತ್ರ ಮುಂದಕ್ಕೆ ಹೋಗ್ತೀವಿ. ಹಿಂಗಾಗಿ ನಮ್ ಕಡೆಯೋರಿಗೆ ಒಂದು ಅಭ್ಯಾಸ, ಯಾವಾಗ್ಲೂ ನೀರಿನ ಬಣ್ಣ ನೋಡ್ತಾನೇ ಹೋಗೋದು.

ಸ್ಪರ್ಧೆಗೆ ಅಂತ 85 ಲೀಟರಿನ ಚಿಕ್ಕ ವೇವ್ ಬೋರ್ಡ್ ಒಂದು ಎರವಲು ತಂದಿದ್ದೆ, ನಂದು 115 ಲೀಟರಿಂದು, ಕೆರೆಗೆ ಮಾಡಿದ್ದು, 36 ಸೆಂಟಿಮೀಟರ್ ಉದ್ದದ ಫಿನ್ನು. ಇದರ ಫಿನ್ನು ನೋಡಿದ್ರೆ ಮೀನಿನ ಮರಿ ಥರ. ಲೀಟರ್ ಅಂದ್ರೆ ಬೋರ್ಡಿನ ಗಾತ್ರ, ಸಿಹಿನೀರಲ್ಲಿ ಒಂದು ಲೀಟರಿಗೆ ಒಂದು ಕೆಜಿ ತೇಲತ್ತೆ. ಲೆಕ್ಕ ಹಾಕಿ, ನಾನು 68 ಕೆಜಿ, ಬೋರ್ಡು 7, ಸೈಲು ಮಾಸ್ಟು ಬೂಮ್ ಎಲ್ಲ ಸೇರಿ 8, ಒದ್ದೆ ಹಾರ್ನೆಸ್ಸು ಲೈಫ್ ಜಾಕೆಟ್ಟು 2. ಸರಿಯಾಗಿ 85. ಗಾಳಿ ನಿಂತ ತಕ್ಷಣ ಬೋರ್ಡು ನಿಧಾನಕ್ಕೆ, ಮರ್ಯಾದೆಯಿಂದ, ಮೊಣಕಾಲು ಮಟ್ಟ ಮುಳುಗ್ತು. ಮಂಜ ದಡದಲ್ಲಿ ಕೂತು ನಗಾಡ್ತಿದ್ದ.

ಶುಕ್ರವಾರ, ಘಾಟಿ ಇಳಿದಿದ್ದು

ಬೆಳಿಗ್ಗೆ ಐದೂವರೆಗೆ ಹೊರಟ್ವಿ. ಅಮ್ಮ ಅಪ್ಪೆಮಿಡಿ ಬಾಟ್ಲಿ, ಒಂದು ಡಬ್ಬ ಅವಲಕ್ಕಿ ಕೊಟ್ಟು, "ಆಟಕ್ಕೆ ಸಮುದ್ರಕ್ಕೆ ಇಳಿಯೋದಾ, ಎಂಥ ಹುಚ್ಚು ಮಾರಾಯ" ಅಂದ್ಲು. ತಾಳಗುಪ್ಪ, ಜೋಗ, ಮಾವಿನಗುಂಡಿ. ಜೋಗದಲ್ಲಿ ಈ ತಿಂಗಳು ನೋಡಕ್ಕೇನೂ ಇರಲ್ಲ, 253 ಮೀಟರ್ ಎತ್ತರದ ಬಂಡೆ, ಅದರ ಮೇಲೆ ಯಾರೋ ನಲ್ಲಿ ಸರಿಯಾಗಿ ನಿಲ್ಲಿಸದೆ ಹೋದಂಗೆ ಒಂದೆರಡು ದಾರ. ನೀರೆಲ್ಲ ಪೈಪಿನಲ್ಲಿ ಹೋಗಿ ಕರೆಂಟಾಗಿ ಕೆಳಗೆ ಗೇರುಸೊಪ್ಪೆ ಕಡೆ ಹೊರಗೆ ಬರತ್ತೆ. ಯೋಚಿಸಿದ್ರೆ ನಾವೂ ಅದೇ ದಾರಿ ಹಿಡಿದಿದ್ವಿ. ನಾನು ಕಲ್ತಿದ್ದು ಶರಾವತಿ ನೀರಲ್ಲಿ, ಹೋಗ್ತಿರೋದು ಶರಾವತಿ ಸಮುದ್ರ ಸೇರೋ ಕಡೆಗೆ, ಅಂಬುತೀರ್ಥದಿಂದ ಅಲ್ಲೀವರೆಗೆ ಹೊಳೆಯ ಉದ್ದ ಬರೀ 128 ಕಿಲೋಮೀಟರ್ ಚಿಲ್ರೆ. ಆದ್ರೂ ಇಷ್ಟು ವರ್ಷದಲ್ಲಿ ಒಂದು ಸಲನೂ ಬೋರ್ಡ್ ತಗೊಂಡು ಇಳಿದಿರಲಿಲ್ಲ. ಘಟ್ಟದ ಮೇಲಿನೋರಿಗೆ ಸಮುದ್ರ ಅಂದ್ರೆ ಶಾಲೆ ಟ್ರಿಪ್ಪು, ಪ್ಯಾಂಟ್ ಮಡಚಿ ನಿಲ್ಲೋದು, ಅಷ್ಟೇ.

ಘಾಟಿಲಿ ತಿರುವಿಗೊಂದು ಲಾರಿ. ಕೆಳಗಿನ ಚೆಕ್‌ಪೋಸ್ಟಲ್ಲಿ ಗಾಡಿ ನಿಲ್ಲಿಸಿದ್ರು. ಕ್ಯಾರಿಯರ್ ಮೇಲೆ ಮಾಸ್ಟು ಎರಡು ತುಂಡಾಗಿ ಕಟ್ಟಿತ್ತು, ಕರೀ ಕಾರ್ಬನ್ ಫೈಬರು, ಒಂದೊಂದು ಎರಡು ಮೀಟರು. ಗಾರ್ಡ್ ಮುಟ್ಟಿ ನೋಡಿ, "ದೋಟಿ ಎಲ್ಲಿ ಒಯ್ತಾ ಇದ್ರಿ?" ಅಂದ.

"ದೋಟಿ ಅಲ್ಲ ಸಾರ್, ಮಾಸ್ಟು."

"ಎಷ್ಟು ಅಡಿಗೆ ಬತ್ತದೆ?"

"ಹದಿಮೂರು."

"ಹದಿಮೂರು ಅಡಿಲಿ ಎಂತಾ ಕೊನೆ ಕೊಯ್ತ್ರಿ?"

ಅವನ ತಪ್ಪಿಲ್ಲ. ಈಗ ನಮ್ಮೂರು ಕಡೆ ಕಾರ್ಬನ್ ದೋಟಿ, ಅಂದ್ರೆ ಉದ್ದನೆ ಕೋಲು, ಬಂದು, ಅರವತ್ತು ಎಪ್ಪತ್ತು ಅಡಿ ಅಡಿಕೆ ಮರಕ್ಕೆ ನೆಲದಲ್ಲೇ ನಿಂತು ಔಷಧಿ ಹೊಡೀತಾರೆ, ಕೊನೆ ಇಳಿಸ್ತಾರೆ. ನೋಡಕ್ಕೆ ಮುಟ್ಟಕ್ಕೆ ಒಂದೇ ಥರ. ಮಂಜನಿಗೆ ಈ ದೋಟಿ ಕಂಡ್ರೆ ಅಷ್ಟಕ್ಕಷ್ಟೆ, ಮರ ಹತ್ತೋರ ಅನ್ನ ಕಿತ್ಕೊಂಡಿದ್ದು ಅಂತ ಸಿಟ್ಟು. ಆದ್ರೆ ಅವತ್ತು ಮಧ್ಯಾಹ್ನ ನಾನು ಬೀಚಲ್ಲಿ ಸೈಲ್ ಕಟ್ಟಕ್ಕೆ ಕೂತಾಗ ಮೊದ್ಲು ಮೇಲೆ ನೋಡಿದ್ದು ಅವನೇ. "ಲೈನ್ ಐತಿ, ಆ ಕಡೆ ಹೋಗಣ" ಅಂದ. ತಲೆ ಮೇಲೆ ಕರೆಂಟ್ ತಂತಿ ಹಾದಿತ್ತು, ನಾನು ನೋಡಿರ್ಲೇ ಇಲ್ಲ. ಕಾರ್ಬನ್‌ನಲ್ಲಿ ಕರೆಂಟ್ ಹರಿಯತ್ತೆ, ದೋಟಿ ತಂತಿಗೆ ತಾಗಿ ಜೀವ ಹೋದ ಸುದ್ದಿ ನಮ್ಮಲ್ಲಿ ಕೇಳ್ತಾನೇ ಇರ್ತೀವಿ.

ಬೀಚಿನ ಹೆಸರು ಬರಿಯಲ್ಲ, ಅಲ್ಲಿನ ಮೀನುಗಾರರು ಜಾಗ ಬಿಟ್ಟುಕೊಟ್ಟಿದ್ದೇ ಜನಜಾತ್ರೆ ಮಾಡಬೇಡಿ ಅನ್ನೋ ಮಾತಿನ ಮೇಲೆ. ಅಳಿವೆಯಿಂದ ದೂರ ಇಲ್ಲ. ಒಂದು ಉದ್ದ ಮರಳು, ಹಿಂದೆ ಗಾಳಿಮರ, ದಡಕ್ಕೆ ಎಳೆದಿಟ್ಟ ಏಳೆಂಟು ದೋಣಿ. ಜೂನ್ 1ರಿಂದ ಮೀನುಗಾರಿಕೆ ನಿಷೇಧ ಶುರು ಆಗತ್ತಲ್ಲ, ಜುಲೈ ಮುಗಿಯೋತನಕ ಯಂತ್ರದ ಬೋಟು ಕಡಲಿಗಿಳಿಯೋ ಹಂಗಿಲ್ಲ, ಹಂಗಾಗಿ ಎಲ್ಲರಿಗೂ ಒಂಥರಾ ವರ್ಷಾಂತ್ಯದ ಗಡಿಬಿಡಿ.

ಫೋನಲ್ಲಿ ಅಲೆ ಎಷ್ಟು ಅಂತ ನೋಡಿದ್ದೆ, 1.4 ಮೀಟರ್ ಅಂತಿತ್ತು. ಎದೆ ಮಟ್ಟ, ಪರವಾಗಿಲ್ಲ ಅಂದ್ಕೊಂಡೆ. ಪಕ್ಕದಲ್ಲಿ 15 ಸೆಕೆಂಡ್ ಅಂತ ಇನ್ನೊಂದು ನಂಬರ್ ಇತ್ತು, ಅದನ್ನ ಲೆಕ್ಕಕ್ಕೇ ತಗೊಳ್ಳಿಲ್ಲ. ಅದೇ ತಪ್ಪಾಗಿದ್ದು. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಐದಾರು ಸೆಕೆಂಡ್ ಇದ್ರೆ ಅದು ಇಲ್ಲೇ ಅಕ್ಕಪಕ್ಕದ ಗಾಳಿ ಎಬ್ಬಿಸಿದ್ದು, ಪುಟಪುಟ ಅಂತ ಬರತ್ತೆ. ಹದಿನೈದು ಸೆಕೆಂಡ್ ಅಂದ್ರೆ ಎಲ್ಲೋ ಹಿಂದೂ ಮಹಾಸಾಗರದ ದಕ್ಷಿಣ ತುದಿಲಿ ಬಿರುಗಾಳಿ ಎದ್ದು ಸಾವಿರಾರು ಕಿಲೋಮೀಟರ್ ದಾಟಿ ಬಂದಿದ್ದು, ಆಳದ ನೀರಲ್ಲಿ ಸುಮ್ಮನೆ ಉಬ್ಬಿದಂಗೆ ಕಾಣತ್ತೆ, ದಡದ ಹತ್ರ ನೆಲ ಸಿಕ್ಕ ತಕ್ಷಣ ಎದ್ದು ನಿಲ್ಲತ್ತೆ. ಕೇರಳದಲ್ಲಿ ಇದು ವಿಪರೀತಕ್ಕೆ ಹೋದಾಗ ಕಳ್ಳಕಡಲು ಅಂತಾರೆ, ಇಲ್ಲಿ ಗಾಳಿ ಇಲ್ಲ ಮಳೆ ಇಲ್ಲ, ಹೇಳದೆ ಕೇಳದೆ ನೀರು ಮನೆ ಬಾಗಿಲಿಗೆ ಬರತ್ತಲ್ಲ ಅದಕ್ಕೆ. ಹೈದರಾಬಾದಿನ ಇನ್‌ಕಾಯ್ಸ್ ಅನ್ನೋ ಸಾಗರ ಮಾಹಿತಿ ಕೇಂದ್ರದೋರು ಅದಕ್ಕೇ ಬೇರೆ ಎಚ್ಚರಿಕೆ ಕೊಡ್ತಾರೆ. ನಮಗೆ ಬಂದಿದ್ದು ಅಷ್ಟು ಜೋರಿನದಲ್ಲ, ಅದರ ಸಣ್ಣ ತಮ್ಮ ಅನ್ನಿ.

ಮೂರು ಗಂಟೆಗೆ ಪಡುಗಾಳಿ ಚೆನ್ನಾಗಿ ಹಿಡೀತು. ವಾಯವ್ಯದಿಂದ, 15 ನಾಟ್ ಇರಬಹುದು. ಸಮುದ್ರಕ್ಕೆ ಮುಖ ಮಾಡಿ ನಿಂತ್ರೆ ಬಲ ಕೆನ್ನೆಗೆ ಹೊಡೆಯೋ ಗಾಳಿ, ಅಂದ್ರೆ ಹೊರಗೆ ಹೋಗುವಾಗ ಬಲಗೈ ಬಲಗಾಲು ಮುಂದೆ. ನಂಗೆ ಎಡಗಾಲು ಮುಂದಿದ್ರೇ ಆರಾಮ. ಇರ್ಲಿ ಅಂತ ನುಗ್ಗಿದೆ. ಮೊದಲ ಅಲೆ ದಾಟ್ತು, ಎರಡನೇದು ಬೋರ್ಡಿನ ಮೂತಿ ಎತ್ತಿ ನನ್ನ ಹಿಂದಕ್ಕೆ ಕೆಡವ್ತು, ಮೂರನೇದು ಮೇಲೆ ಬಿತ್ತು, ನಾಲ್ಕನೇದು ದಡಕ್ಕೆ ತಂದು ಬಿಸಾಕ್ತು. ಮತ್ತೆ ಹೋದೆ, ಮತ್ತೆ ಬಂದೆ. ಒಂದು ಗಂಟೆ ಇದೇ ಆಯ್ತು. ಮೂಗಲ್ಲಿ ಉಪ್ಪು, ಕಣ್ಣಲ್ಲಿ ಉಪ್ಪು, ಚಡ್ಡಿ ಒಳಗೆ ಮರಳು. ಹಿನ್ನೀರಲ್ಲಿ ಬಿದ್ರೆ ಎರಡು ಗುಟುಕು ಸಿಹಿನೀರು ಕುಡಿದು ಏಳ್ತಿದ್ದೆ, ಇಲ್ಲಿ ಬಿದ್ದರೆ ಏಳಕ್ಕೆ ಟೈಮೇ ಕೊಡಲ್ಲ.

ಒಂದು ಸಂತೋಷ ಮಾತ್ರ ಇತ್ತು. ಉಪ್ಪು ನೀರು ಸಿಹಿನೀರಿಗಿಂತ ಎರಡೂವರೆ ಪರ್ಸೆಂಟ್ ತೂಕ ಜಾಸ್ತಿ, 85 ಲೀಟರಿಗೆ ಎರಡು ಕೆಜಿ ಮೇಲೆ. ನಿನ್ನೆ ಮೊಣಕಾಲು ಮಟ್ಟ ಮುಳುಗಿದ್ದ ಬೋರ್ಡು ಇವತ್ತು ಪಾದಕ್ಕೆ ನಿಲ್ತು.

ಶನಿವಾರ, ಮೊದಲ ಹೀಟು

ಹನ್ನೆರಡು ಗಂಟೆವರೆಗೆ ಗಾಳಿಯ ಸುಳಿವೇ ಇಲ್ಲ. ವೇವ್ ಸ್ಪರ್ಧೆ ಅಂದ್ರೆ ಮುಕ್ಕಾಲುಪಾಲು ಕೂತಿರೋದು ಅಂತ ಯಾರೂ ಹೇಳಿರಲಿಲ್ಲ. ಹದಿನಾಲ್ಕು ಜನ, ಗೋವಾದೋರು ಜಾಸ್ತಿ, ಬೆಂಗಳೂರು ಪುಣೆ ಚೆನ್ನೈ, ಘಟ್ಟದ ಮೇಲಿಂದ ನಾನೊಬ್ಬನೆ. ನೀಲಿ ತಾಡಪಾಲಿನ ಕೆಳಗೆ ಮೂರು ಪ್ಲಾಸ್ಟಿಕ್ ಕುರ್ಚಿ, ಅವರೇ ಜಡ್ಜುಗಳು, ಸ್ಪರ್ಧೆಲಿ ಇಲ್ಲದೋರು ಸರದಿ ಮೇಲೆ ಕೂರೋದು. ನಿಯಮ ಸರಳ, ಒಂದು ಹೀಟಿಗೆ, ಅಂದ್ರೆ ಒಂದು ಪಂದ್ಯಕ್ಕೆ, ಇಬ್ಬರು, ಎಂಟು ನಿಮಿಷ, ಕೆಂಪು ಬಾವುಟ ಇಳಿದು ಹಳದಿ ಏರಿದ್ರೆ ಒಂದು ನಿಮಿಷ ಬಾಕಿ, ಹಸಿರು ಬಂದ್ರೆ ಶುರು. ಪ್ರತಿ ಅಲೆಗೆ ಹತ್ತರಲ್ಲಿ ಮಾರ್ಕು, ಎಷ್ಟು ಬೇಕಾದ್ರೂ ಹತ್ತಿ, ಒಳ್ಳೇ ಎರಡು ಅಲೆ ಒಂದು ಜಂಪು ಮಾತ್ರ ಲೆಕ್ಕ. ಸೋತೋರಿಗೆ ಭಾನುವಾರ ಇನ್ನೊಂದು ಚಾನ್ಸು.

ಊಟಕ್ಕೆ ಪಕ್ಕದ ಮನೆಯೋರು ಬಂಗಡೆ ಸಾರು ಅನ್ನ ಮಾಡಿದ್ರು. ಮಂಜ ಮೂರು ಸಲ ಹಾಕಿಸ್ಕೊಂಡ. ನಾನು ಗಂಜಿಗೆ ಅಪ್ಪೆಮಿಡಿ ನೆಂಚಿಕೊಂಡೆ, ಬಾಟ್ಲಿ ಒಂದು ಸುತ್ತು ಹೋಗಿ ವಾಪಸ್ ಬರುವಾಗ ರಸ ಮಾತ್ರ ಉಳಿದಿತ್ತು, ಗೋವಾದೋರು ಮಿಡಿ ಬೀಜ ಸಮೇತ ನುಂಗಿದಾರೆ.

ಎರಡು ಗಂಟೆಗೆ ಗಾಳಿ ಬಂತು, ಎರಡೂಮುಕ್ಕಾಲಿಗೆ ನನ್ನ ಹೀಟು. ಎದುರಿಗೆ ಗೋವಾದ ಒಬ್ಬ ಹುಡುಗ, ಇಪ್ಪತ್ತು ಇಪ್ಪತ್ತೊಂದು ಇರಬಹುದು, ಸೈಲು ಹಿಡಿದು ನಿಂತಿರೋ ಶೈಲಿಲೇ ಗೊತ್ತಾಗ್ತಿತ್ತು. ಹಳದಿ ಬಾವುಟಕ್ಕೇ ಅವನು ಹೊರಗೆ ಹೋಗಿ ಆಗಿತ್ತು. ನಾನು ಹಸಿರು ಕಂಡ ಗಾಬರಿಲಿ ಎದುರು ಬರ್ತಿದ್ದ ಅಲೆ ನೋಡದೆ ಓಡಿದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು, ಮಾಸ್ಟು ಹೆಂಗೆ ಮುರಿಯತ್ತೆ ಅಂತ. ಎಲ್ಲರೂ ಅಂದ್ಕೊಳ್ಳೋದು ಗಾಳಿಗೆ ಮುರಿಯತ್ತೆ ಅಂತ. ಅಲ್ಲ. ದಡದ ಹತ್ರ ನೀರು ಸೊಂಟದಷ್ಟೇ ಇರತ್ತೆ, ಬಿದ್ದಾಗ ಸೈಲು ನೀರಿನ ಮೇಲೆ ಚಾಪೆ ಥರ ಹರಡ್ಕೊಂಡಿರತ್ತೆ, ಅಲೆ ಬಂದು ಅದನ್ನ ಎತ್ತಿ ತಲೆಕೆಳಗು ಮಾಡಿದ್ರೆ ಮಾಸ್ಟಿನ ತುದಿ ಹೋಗಿ ಮರಳಿಗೆ ಚುಚ್ಕೊಳ್ಳತ್ತೆ. ತುದಿ ನೆಲದಲ್ಲಿ ಸಿಕ್ಕಿದೆ, ಬುಡಕ್ಕೆ ಬೋರ್ಡಿದೆ, ನಡುವೆ ಸೈಲಿನ ಮೇಲೆ ಟನ್ನುಗಟ್ಟಲೆ ನೀರು. ಅದಕ್ಕೇ ಬಿದ್ರೆ ಮೊದಲ ಕೆಲಸ, ಈಜಿ ಹೋಗಿ ಮಾಸ್ಟಿನ ತುದಿ ಹಿಡಿದು ಸಮುದ್ರದ ಕಡೆಗೆ ತಿರುಗಿಸ್ಬೇಕು, ಆಗ ಅಲೆ ಸೈಲಿನ ಮೇಲಿಂದ ಕೆಳಗಿಂದ ಹರಿದು ಹೋಗತ್ತೆ. ಎರಡನೇ ನಿಯಮ, ಬೋರ್ಡಿಗೂ ದಡಕ್ಕೂ ಮಧ್ಯೆ ನೀವು ಯಾವತ್ತೂ ನಿಲ್ಲಬಾರದು. ಇದೆಲ್ಲ ನಂಗೆ ಬಾಯಿಪಾಠ ಇತ್ತು. ಬಿದ್ದಾಗ ಮಾಡಿದ್ದು ಮಾತ್ರ, ಮುಖ ಒರೆಸ್ಕೊಂಡು ಗೋವಾದ ಹುಡುಗ ಎಲ್ಲಿದಾನೆ ಅಂತ ನೋಡಿದ್ದು.

ಸದ್ದು ಕೇಳ್ತು. ಅಡಿಕೆ ಮರ ಮುರಿದಾಗ ಬರೋ ಸದ್ದಲ್ಲ, ಒಣ ಬಿದಿರು ಬೆಂಕಿಲಿ ಸಿಡಿದಂಗೆ, ಠಪ್. ಬೂಮಿನಿಂದ ಸ್ವಲ್ಪ ಮೇಲೆ ಸೈಲು ಮೊಣಕೈ ಮಡಚಿದಂಗೆ ಮಡಚಿ ನಿಂತಿತ್ತು.

ಆರು ನಿಮಿಷ ಬಾಕಿ ಇತ್ತು. ನಾನು ದಡದಲ್ಲಿ ಕೂತು ಮಾಸ್ಟಿನ ಚೂರು ಸೈಲಿನ ಒಳಗಿಂದ ಎಳೀತಾ ಅವನ ಆಟ ನೋಡಿದೆ. ಚೂರು ಅಂದ್ರೆ ಕೂದಲಿಗಿಂತ ತೆಳು ಕರೀ ಮುಳ್ಳುಗಳು, ಬೆರಳಿಗೆ ಹೊಕ್ಕಿದ್ದು ಇನ್ನೂ ಎರಡು ಒಳಗೇ ಇದಾವೆ. ಅವನಿಗೆ 7.2, 6.5, ಜಂಪಿಗೆ 5. ನಂಗೆ ಸೊನ್ನೆ, ಸೊನ್ನೆ, ಸೊನ್ನೆ. ನಿಜ ಹೇಳ್ತೀನಿ, ಆ ಕ್ಷಣ ಗಾಡಿ ಹತ್ತಿ ಘಾಟಿ ಏರಿಬಿಡಣ ಅನ್ನಿಸ್ತು.

ಸಂಜೆ ಮಂಜ ಒಂದು ಐಡಿಯಾ ತಂದ. ಹೊನ್ನಾವರದಲ್ಲೂ ಅಡಿಕೆ ಇದ್ಯಲ್ಲ, ಯಾರದೋ ಮನೆಲಿ ಹಳೇ ದೋಟಿ ತುಂಡು ಹುಡುಕಿ ತಂದಿದ್ದ, ಮುರಿದ ಮಾಸ್ಟಿನ ಒಳಗೆ ಅದನ್ನ ಕೀಲು ಕೊಟ್ಟು ಕೂರಿಸಣ ಅಂತ. ದೋಟಿ ದ್ವೇಷಿ ಹೋಗಿ ದೋಟಿ ತಂದಿದ್ದು ನೋಡಿ ನಂಗೆ ನಗು ಬಂತು. ಅಳತೆ ಒಂದು ನೂಲು ದಪ್ಪ ಆಯ್ತು, ಕೂರ್ಲಿಲ್ಲ. ಗೋವಾದ ಅದೇ ಹುಡುಗ ಬಂದು ತನ್ನ ಸ್ಪೇರ್ ಮಾಸ್ಟ್ ಮಡಿಲಿಗಿಟ್ಟು, ಮುರಿದ್ರೆ ಉಪ್ಪಿನಕಾಯಿ ಕೊಡಿ ಅಂತ ಹೇಳಿ ಹೋದ.

ರಾತ್ರಿ ದೋಣಿಗೆ ಒರಗಿ ಕೂತಾಗ ಮಂಜ ಸುಮಾರು ಹೊತ್ತು ಸಮುದ್ರ ನೋಡ್ತಾ ಇದ್ದು, ಆಮೇಲೆ ಹೇಳ್ದ. "ಅಣ್ಣ, ನೀನು ಮರ ಆ ಕಡೆ ಹೋದಾಗ ಹಾರ್ತಾ ಇದೀಯ."

ಕೊನೆ ಕೊಯ್ಯೋದು ನೋಡಿದೋರಿಗೆ ಇದು ತಕ್ಷಣ ಅರ್ಥ ಆಗತ್ತೆ. ಕೊನೆಗೌಡ ಪ್ರತಿ ಮರಕ್ಕೂ ಇಳಿದು ಹತ್ತಲ್ಲ. ಒಂದು ಮರದ ತುದಿಲಿ ಕೂತು ಮೈ ತೂಗಿ ಮರನೇ ತೂಗ್ತಾನೆ, ಮರ ಬಾಗಿ ಪಕ್ಕದ ಮರದ ಹತ್ರ ಹೋದಾಗ ಅದನ್ನ ಹಿಡಿದು ದಾಟ್ಕೋತಾನೆ. ಐವತ್ತು ಅಡಿ ಮೇಲೆ. ಎಲ್ಲ ಇರೋದು ಯಾವ ತೂಗಿಗೆ ಕೈ ಹಾಕ್ಬೇಕು ಅನ್ನೋದರಲ್ಲಿ, ತೋಳಿನ ಶಕ್ತಿಲಿ ಅಲ್ಲ. ಮಂಜ ಇಡೀ ದಿನ ದಡದಲ್ಲಿ ಕೂತು ಅಲೆಗಳ ತೂಗು ನೋಡಿದ್ದಾನೆ. ದೊಡ್ಡವು ನಾಲ್ಕೈದು ಒಟ್ಟಿಗೆ ಬರ್ತಾವೆ, ಆಮೇಲೆ ಎರಡು ಮೂರು ನಿಮಿಷ ಸಣ್ಣವೇ. ಬಲೆ ಹೊಲೀತಿದ್ದ ಒಬ್ಬ ಅಜ್ಜನೂ ಅವನಿಗೆ ಅದನ್ನೇ ಹೇಳಿದಾನಂತೆ, ದೋಣಿ ಇಳಿಸೋರೂ ದೊಡ್ಡ ತೆರೆ ಪೂರಾ ಹೋಗೋತನಕ ಕೈಕಟ್ಟಿ ನಿಂತಿರ್ತಾರಂತೆ, ಕೊನೇ ದೊಡ್ಡದರ ಬೆನ್ನಿಗೇ ಹೊರಡೋದಂತೆ.

ಭಾನುವಾರ

ಬೆಳಿಗ್ಗೆ ಏಳಕ್ಕೇ ಎದ್ದು ಮಂಜ ನಾನು ಇಬ್ಬರೂ ಮರಳಲ್ಲಿ ಕೂತು ಲೆಕ್ಕ ಹಾಕಿದ್ವಿ, ಅವನು ಕಡ್ಡಿ ಮುರಿದು ಸಾಲಾಗಿಟ್ಟು, ನಾನು ವಾಚು ಹಿಡಿದು. ಹೊರಗೆ ಒಂದು ಕಡೆ ನೀರಿನ ಬಣ್ಣ ಬೇರೆ ಇತ್ತು, ಸ್ವಲ್ಪ ಕಂದು, ಅಲ್ಲಿ ಅಲೆ ಮುರೀತಿರ್ಲಿಲ್ಲ. ಬೊಡ್ಡೆ ನೋಡಿ ನೋಡಿ ಬಂದ ಕಣ್ಣಿಗೆ ಅದು ಮೊದ್ಲೇ ಕಾಣ್ಬೇಕಿತ್ತು. ಸೆಳೆತದ ಜಾಗ ಅದು, ದಡಕ್ಕೆ ಬಂದ ನೀರು ವಾಪಸ್ ಹೋಗೋ ಕಾಲುವೆ. ಈಜೋರಿಗೆ ಯಮ, ಅದರಲ್ಲಿ ಸಿಕ್ಕಿದ್ರೆ ದಡದ ಕಡೆಗೆ ಹೋರಾಡದೆ ಅಡ್ಡಕ್ಕೆ ಈಜಿ ಹೊರಗೆ ಬರಬೇಕು. ಆದ್ರೆ ಬೋರ್ಡಿನೋನಿಗೆ ಅದು ಪುಕ್ಕಟೆ ಬಸ್ಸು.

ಮಧ್ಯಾಹ್ನ ಹೊತ್ತಿಗೆ ಇನ್ನೊಂದು ವಿಷಯ ಶುರು ಆಯ್ತು. ಎಲ್ಲರೂ ಸಮುದ್ರ ನೋಡ್ತಿದ್ರು, ನಾನೂ ಮಂಜನೂ ಹಿಂದೆ ತಿರುಗಿ ಘಟ್ಟ ನೋಡ್ತಿದ್ವಿ. ಪೂರ್ವಕ್ಕೆ ಬೆಟ್ಟದ ಸಾಲಿನ ಮೇಲೆ ಹೂಕೋಸಿನ ಥರ ಮೋಡ ಏಳ್ತಾ ಇತ್ತು, ಬುಡ ಕಪ್ಪು, ತಲೆ ಬೆಳ್ಳಗೆ. ಮೇ ತಿಂಗಳಲ್ಲಿ ನಮ್ಮನೆ ಅಂಗಳದಿಂದ ದಿನಾ ನೋಡೋ ಮೋಡ. ಅದು ಒಡೆದು ಮಳೆ ಸುರಿದ್ರೆ ತಣ್ಣನೆ ಗಾಳಿ ಕೆಳಗಿಳಿದು ನಾಲ್ಕೂ ಕಡೆ ಹರಡತ್ತೆ, ಇಲ್ಲಿಗೆ ಬಂದು ಮುಟ್ಟಿದ್ರೆ ಪಡುಗಾಳಿ ಕತ್ತು ಹಿಸುಕಿದಂಗೆ ನಿಲ್ಲತ್ತೆ. ಅಮ್ಮಂಗೆ ಫೋನ್ ಮಾಡ್ದೆ. "ಇಲ್ಲಿ ಗುಡುಗು ಶುರುವಾತು, ಅಂಗಳದಲ್ಲಿರೋದು ಎಲ್ಲ ಒಳಗೆ ತಗೀತಾ ಇದೀನಿ, ಇಡು" ಅಂತ ಕಟ್ ಮಾಡಿದ್ಲು. ನಾನು ತಾಡಪಾಲಿನ ಹತ್ರ ಹೋಗಿ ನಾಲ್ಕೂವರೆ ಒಳಗೆ ಎಲ್ಲ ಮುಗಿಸಿ, ಆಮೇಲೆ ಗಾಳಿ ಇರಲ್ಲ ಅಂದೆ. ಆ್ಯಪಿನಲ್ಲಿ ಆರು ಗಂಟೆವರೆಗೆ ಗಾಳಿ ತೋರಿಸ್ತಿದೆ ಅಂತ ಒಬ್ಬರು ವಾದಕ್ಕಿಳಿದ್ರು. ನಿನ್ನೆ ಸೊನ್ನೆ ತಗೊಂಡೋನ ಮಾತು ಯಾರು ಕೇಳ್ತಾರೆ. ಆದ್ರೂ ಪುಣ್ಯಾತ್ಮರು ಹೀಟುಗಳ ನಡುವಿನ ಗ್ಯಾಪು ಕಡಿಮೆ ಮಾಡಿದ್ರು.

ಮೂರು ಇಪ್ಪತ್ತಕ್ಕೆ ನನ್ನ ಎರಡನೇ ಚಾನ್ಸು, ಪುಣೆಯೋರೊಬ್ಬರ ಜೊತೆ. ಹಳದಿ ಬಂತು. ಅವರು ಹೊರಟ್ರು. ನಾನು ನಿಂತಿದ್ದೆ. ಹಸಿರು ಬಂತು. ನಾನು ನಿಂತೇ ಇದ್ದೆ, ಕಾಲು ನಡುಗ್ತಿತ್ತು, ಎಂಟು ನಿಮಿಷದಲ್ಲಿ ಒಂದು ನಿಮಿಷ ಹೋಯ್ತು, ತಾಡಪಾಲಿನ ಕಡೆಯಿಂದ ಯಾರೋ ಹೋಗೋ ಅಂತ ಕೂಗಿದ್ರು. ಒಂದು ದೊಡ್ಡದು ಬಿತ್ತು. ಇನ್ನೊಂದು. ಮೂರು. ಮಂಜ ನನ್ನ ಪಕ್ಕ ನೀರಲ್ಲೇ ನಿಂತು ನಾಲ್ಕನೇದರ ಬೆನ್ನು ಕಾಣ್ತಿದ್ದಂಗೆ "ಹಿಡಿ" ಅಂದ, ಮರದ ಮೇಲಿಂದ ಕೂಗ್ತಾರಲ್ಲ ಅದೇ ದನಿ.

ನೊರೆ ಮೇಲೆ ಹತ್ತು ಹೆಜ್ಜೆ ಓಡಿ ಬೋರ್ಡ್ ಹಾಕಿ ಕಾಲಿಟ್ಟೆ. ಕಂದು ನೀರಿನ ಕಾಲುವೆ ಹಿಡ್ಕೊಂಡೆ. ಮೂತಿಗೆ ಸಣ್ಣ ಅಲೆ ಒಂದು ಬಡೀತು, ಮೊಣಕಾಲು ಮಡಚಿ ನುಂಗಿದೆ, ಇನ್ನೊಂದು, ಅಷ್ಟೇ, ಆಮೇಲೆ ಇದ್ದಕ್ಕಿದ್ದಂಗೆ ಸದ್ದೇ ನಿಂತೋಯ್ತು. ಮುರಿಯೋ ಅಲೆಗಳ ಆಚೆಗೆ ಬಂದಿದ್ದೆ. ಮೂರು ದಿನದಲ್ಲಿ ಮೊದಲ ಸಲ. ಅಲ್ಲಿ ನೀರು ಹಿನ್ನೀರಿನಷ್ಟೇ ನುಣ್ಣಗೆ, ಒಂದೊಂದು ಸಲ ಇಡೀ ನೆಲನೇ ಉಸಿರು ತಗೊಂಡಂಗೆ ಮೇಲೇಳತ್ತೆ ಇಳಿಯತ್ತೆ. ತಿರುಗಿ ನೋಡಿದ್ರೆ ಪುಣೆಯೋರು ದಡದ ನೊರೆಲಿ ನಿನ್ನೆ ನಾನಿದ್ದ ಸ್ಥಿತಿಲೇ ಇದ್ರು, ಅಯ್ಯೋ ಪಾಪ ಅನ್ನಿಸ್ತು, ಪೂರ್ತಿ ಅಲ್ಲ ಸ್ವಲ್ಪ.

ಜೈಬ್ ಮಾಡಿ, ಅಂದ್ರೆ ಸೈಲನ್ನ ಇನ್ನೊಂದು ಮಗ್ಗುಲಿಗೆ ಹಾಕಿ, ದಡದ ಕಡೆಗೆ ತಿರುಗಿದೆ. ಈಗ ಎಡಗಾಲು ಮುಂದೆ, ನನ್ನ ಕಡೆಯ ಕಾಲು. ಹಿಂದೆ ಒಂದು ಉಬ್ಬು ಬರ್ತಾ ಇತ್ತು. ಅಲೆ ಹಿಡಿಯೋದು ಅಂದ್ರೆ ಏನೋ ಧೈರ್ಯದ ಕೆಲಸ ಅಂದ್ಕೊಂಡಿದ್ದೆ, ಅದು ಹಂಗಲ್ಲ, ಒಂದು ಹಂತದಲ್ಲಿ ಸೈಲು ಹಗುರ ಆಗ್ಬಿಡತ್ತೆ. ಗಾಳಿ ಎಳೆಯೋದು ನಿಂತು ನೀರು ತಳ್ಳಕ್ಕೆ ಶುರು ಮಾಡತ್ತೆ, ಬೂಮು ಕೈಲಿ ಖಾಲಿ ಕೊಡಪಾನದಂಗೆ. ಇಳಿಜಾರಲ್ಲಿ ಜಾರಿದೆ, ಎಡಕ್ಕೆ, ಗಾಳಿಯ ಕಡೆಗೆ ಬೋರ್ಡಿನ ಅಂಚು ಒತ್ತಿ ಅಲೆಯ ಗೋಡೆ ಹತ್ತಿದೆ, ಪಕ್ಕದಲ್ಲಿ ಹಸಿರು ಗಾಜಿನಂಥ ನೀರು, ಅದರೊಳಗೆ ಮರಳಿನ ಸುಳಿ ಕಾಣ್ತಿತ್ತು ಅಷ್ಟು ಹತ್ರ, ತುದಿ ಇನ್ನೇನು ಮುರೀಬೇಕು ಅನ್ನುವಾಗ ಕಾಲ್ಬೆರಳು ಒತ್ತಿ ತಿರುಗಿಸಿ ಮತ್ತೆ ಕೆಳಗೆ. ಇನ್ನೊಂದು ಸಲ ಹತ್ತಕ್ಕೆ ಹೋದೆ, ನೊರೆ ಮೇಲೆ ಬಿದ್ದು ಹೋದೆ. ಬಿದ್ದ ತಕ್ಷಣ ಈಜಿ ಹೋಗಿ ಮಾಸ್ಟಿನ ತುದಿ ಹಿಡ್ಕೊಂಡು ಸಮುದ್ರದ ಕಡೆ ತಿರುಗಿಸಿದೆ, ಎರವಲು ಮಾಸ್ಟು ನೋಡಿ.

ಆ ಅಲೆಗೆ 4.8. ಇನ್ನೊಂದು ಹಿಡಿದೆ, 2.5. ಜಂಪಿಲ್ಲ. ಗೆದ್ದೆ, ಅವರಿಗೆ ಹೊರಗೆ ಬರಕ್ಕೇ ಆಗಿರಲಿಲ್ಲ. ಮುಂದಿನ ಹೀಟಲ್ಲಿ ಚೆನ್ನೈಯೋರೊಬ್ಬರು ನನ್ನ ಸಲೀಸಾಗಿ ಸೋಲಿಸಿದ್ರು, ಅದರ ಬಗ್ಗೆ ಬರಿಯಕ್ಕೆ ಏನೂ ಇಲ್ಲ, ಅವರು ಗಾಳಿಲಿ ತಲೆಕೆಳಗಾಗಿ ತಿರುಗ್ತಿದ್ರು, ನಾನು ಕೆಳಗೆ ಬಾಯಿ ಬಿಟ್ಕೊಂಡು ನೋಡ್ತಿದ್ದೆ. ಹದಿನಾಲ್ಕರಲ್ಲಿ ಒಂಬತ್ತನೇ ಜಾಗ.

ನಾಲ್ಕು ಮೂವತ್ತೈದಕ್ಕೆ ಫೈನಲ್ ಮುಗಿದು ಐದು ನಿಮಿಷ ಆಗಿತ್ತು, ಗಾಳಿಮರಗಳ ಸದ್ದು ನಿಂತೋಯ್ತು. ಆಮೇಲೆ ಬೆನ್ನ ಹಿಂದಿಂದ, ಪೂರ್ವದಿಂದ, ತಣ್ಣಗೆ, ಒದ್ದೆ ಮಣ್ಣಿನ ವಾಸನೆ ಹೊತ್ತು ಒಂದು ಗಾಳಿ ಬಂತು. ಆ್ಯಪಿನೋರು ನನ್ನ ಕಡೆ ನೋಡಿದ್ರು. ನಾನು ಏನೂ ಹೇಳ್ಲಿಲ್ಲ, ಮಂಜ ಮಾತ್ರ ಬಿಡ್ಲಿಲ್ಲ, "ನಮ್ಮೂರ ಮಳೆ ಸಾರ್" ಅಂದ.

ಸೋಮವಾರ, ಮನೆ

ಮಾಸ್ಟು ವಾಪಸ್ ಕೊಟ್ಟು, ಉಳಿದ ಉಪ್ಪಿನಕಾಯಿ ರಸದ ಬಾಟ್ಲಿನೂ ಕೊಟ್ಟು ಹೊರಟ್ವಿ. ಚೆಕ್‌ಪೋಸ್ಟಲ್ಲಿ ಅದೇ ಗಾರ್ಡು, ಈ ಸಲ ಕ್ಯಾರಿಯರ್ ಮೇಲೆ ಮುರಿದ ತುಂಡುಗಳು ನೋಡಿ, "ಮರದಿಂದ ಬಿತ್ತಾ?" ಅಂದ. ಹೌದು ಅಂದೆ. ಘಾಟಿ ಪೂರ್ತಿ ಮಂಜು, ಮಾವಿನಗುಂಡಿ ಹತ್ರ ಮರ ಬಿದ್ದು ಅರ್ಧ ಗಂಟೆ ಕಾದ್ವಿ.

ಮನೆಗೆ ಬಂದು ಮೊದಲ ಕೆಲಸ ಸೈಲ್ ತೊಳೆಯೋದು, ಉಪ್ಪು ಹಾಗೇ ಬಿಟ್ರೆ ಹೊಲಿಗೆ ತಿನ್ನತ್ತೆ. ಆದ್ರೆ ಬಾವಿಕಟ್ಟೆಗೆ ಹೋಗೋ ಮುಂಚೆ ಒಂದು ಲೋಟ ಕಾಫಿ ಅಂತ ಅಂಗಳದಲ್ಲಿ ಸೈಲ್ ಹರಡಿ ಒಳಗೆ ಹೋದೆ. ಬೆರಳಲ್ಲಿ ಸಿಕ್ಕಿದ್ದ ಕಾರ್ಬನ್ ಮುಳ್ಳು ತೆಗೆಯಕ್ಕೆ ಅಮ್ಮ ಸೂಜಿ ಹುಡುಕ್ತಾ, ಎಷ್ಟನೇ ನಂಬರ್ ಬಂತು ಅಂತ ಕೇಳಿದ್ಲು, ಒಂಬತ್ತು ಅಂದೆ, ಎಷ್ಟು ಜನರಲ್ಲಿ ಅಂತ ಕೇಳ್ಲಿಲ್ಲ. ಹೊರಗೆ ಬಂದು ನೋಡಿದ್ರೆ ನಮ್ಮ ಗೌರಿ ಕೊಟ್ಟಿಗೆ ಹಗ್ಗ ಬಿಚ್ಚಿಸ್ಕೊಂಡು ಬಂದು ಸೈಲಿನ ಮೇಲೆ ನಾಲ್ಕೂ ಕಾಲಿಟ್ಟು ನಿಂತಿದೆ, ಕಿಟಕಿ ಥರ ಇರೋ ಪಾರದರ್ಶಕ ಜಾಗನ ಒಂದು ಮೂಲೆಯಿಂದ ಹಿಡಿದು ಸಾವಕಾಶವಾಗಿ ನೆಕ್ಕಿ ನೆಕ್ಕಿ ಉಪ್ಪು ತಿಂತಾ ಇದೆ. ಹಾಯ್ ಅಂದ್ರೂ ಹೋಗ್ಲಿಲ್ಲ. ಕಾಫಿ ಮುಗಿಯೋತನಕ ನೆಕ್ಕಲಿ ಅಂತ ನಾನೂ ಜಗಲಿ ಮೇಲೆ ಕೂತೆ.